ಮೀಟರ್ 100, ಮೊಬೈಲ್ 94: ಯಾವ ವೇಗ ನಂಬಬೇಕು, ಯಾವ ಮಿತಿ ನಂಬಬೇಕು?

ಪ್ರಶ್ನೆ: ವಾರಕ್ಕೆರಡು ಬಾರಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರು ಓಡಿಸುತ್ತೇನೆ. ಕಾರಿನ ಮೀಟರ್ 100 ತೋರಿಸುವಾಗ ಮೊಬೈಲಿನ ನಕ್ಷೆ 94 ಎನ್ನುತ್ತದೆ. ಕ್ಯಾಮೆರಾ ಯಾವುದನ್ನು ಹಿಡಿಯುತ್ತದೆ? ನಕ್ಷೆಯಲ್ಲಿ ಕಾಣುವ ವೇಗಮಿತಿ ಕೆಲವೆಡೆ ರಸ್ತೆಬದಿಯ ಫಲಕಕ್ಕೆ ತಾಳೆಯಾಗುವುದಿಲ್ಲ, ಅದೇಕೆ? ಮಿತಿ ಮೀರಿದಾಗ ಎಚ್ಚರಿಸುವಂತೆ ಫೋನನ್ನು ಹೊಂದಿಸುವುದು ಹೇಗೆ? ದಂಡದ ನೋಟಿಸ್ ಬಂದರೆ ಫೋನಿನಲ್ಲಿರುವ ದಾಖಲೆ ನೆರವಿಗೆ ಬರುತ್ತದೆಯೇ?

ಉತ್ತರ: ಫೋನಿನ ಪರದೆಯ ಮೂಲೆಯಲ್ಲಿ ಎರಡು ಅಂಕಿಗಳು ಅಕ್ಕಪಕ್ಕ ಕೂತಿರುತ್ತವೆ. ಒಂದು ನಿಮ್ಮ ವೇಗ, ಇನ್ನೊಂದು ರಸ್ತೆಯ ವೇಗಮಿತಿ. ಒಂದೇ ಆ್ಯಪ್ ತೋರಿಸುತ್ತದೆಂದು ಎರಡಕ್ಕೂ ಒಂದೇ ತೂಕ ಕೊಟ್ಟುಬಿಡುತ್ತೇವೆ. ನಿಮ್ಮ ಗೊಂದಲದ ಬೇರು ಇರುವುದು ಅಲ್ಲೇ. ವೇಗದ ಅಂಕಿ ಉಪಗ್ರಹಗಳ ಸಂಕೇತದಿಂದ ಆ ಕ್ಷಣಕ್ಕೆ ಅಳೆದದ್ದು. ಮಿತಿಯ ಅಂಕಿ ಯಾರೋ ಎಂದೋ ನಕ್ಷೆಯಲ್ಲಿ ಬರೆದಿಟ್ಟದ್ದು. ಬಯಲಿನ ನೇರ ರಸ್ತೆಯಲ್ಲಿ ಮೊದಲನೆಯದನ್ನು ನಿಮ್ಮ ಕಾರಿನ ಮೀಟರಿಗಿಂತ ಹೆಚ್ಚು ನಂಬಬಹುದು. ಎರಡನೆಯದನ್ನು ಫಲಕ ನೋಡದೆ ಒಮ್ಮೆಯೂ ನಂಬಬಾರದು.

ಫೋನ್ ವೇಗ ಕಂಡುಹಿಡಿಯುವುದು ಹೇಗೆ

ಫೋನು ಈಗಿನ ಜಾಗದಿಂದ ಹಿಂದಿನ ಜಾಗವನ್ನು ಕಳೆದು, ಹಿಡಿದ ಸಮಯದಿಂದ ಭಾಗಿಸುತ್ತದೆ ಎಂದೇ ಹಲವರ ನಂಬಿಕೆ. ಹಾಗಿದ್ದಿದ್ದರೆ ವೇಗದ ಅಂಕಿ ಕುಣಿದಾಡುತ್ತಿತ್ತು. ತೆರೆದ ಆಕಾಶದಡಿಯಲ್ಲೂ ಫೋನು ಹೇಳುವ ಜಾಗದಲ್ಲಿ 5 ಮೀಟರಿನಷ್ಟು ತಪ್ಪಿರುವುದು ಮಾಮೂಲು. ನಿಜವಾಗಿ ಅದು ಅಳೆಯುವುದು ಸಂಕೇತದ ಕಂಪನಾಂಕದಲ್ಲಿ ಆಗುವ ಏರಿಳಿತವನ್ನು. ಎದುರಿಗೆ ಬರುವ ರೈಲಿನ ಸೀಟಿ ಕೀರಲಾಗಿ ಕೇಳಿ, ದಾಟಿಹೋದ ಮೇಲೆ ದಪ್ಪಗಾಗುತ್ತದಲ್ಲ, ಅದೇ ಡಾಪ್ಲರ್ ಪರಿಣಾಮ.

ಲೆಕ್ಕ ಹೀಗಿದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ, ಸೆಕೆಂಡಿಗೆ ಸುಮಾರು 3.9 ಕಿ.ಮೀ. ವೇಗದಲ್ಲಿ ಸುತ್ತುತ್ತವೆ. ಅವುಗಳ ಎಲ್1 ಸಂಕೇತದ ಕಂಪನಾಂಕ 1575.42 ಮೆಗಾಹರ್ಟ್ಸ್. ನೀವು ಒಂದು ಉಪಗ್ರಹದ ದಿಕ್ಕಿಗೆ ಸೆಕೆಂಡಿಗೆ 1 ಮೀಟರ್ ಸರಿದರೆ ಆ ಕಂಪನಾಂಕ ಸುಮಾರು 5.25 ಹರ್ಟ್ಸ್ ಏರುತ್ತದೆ. ಉಪಗ್ರಹದ ಸ್ವಂತ ವೇಗ ಮತ್ತು ದಿಕ್ಕು ಅದು ಕಳಿಸುವ ಮಾಹಿತಿಯಿಂದಲೇ ಗೊತ್ತಾಗುವುದರಿಂದ ಅದನ್ನು ಕಳೆದುಬಿಡಬಹುದು, ಉಳಿದದ್ದು ನಿಮ್ಮ ಪಾಲು. ಉತ್ತರ–ದಕ್ಷಿಣ, ಪೂರ್ವ–ಪಶ್ಚಿಮ, ಮೇಲೆ–ಕೆಳಗೆ ಎಂಬ ಮೂರು ದಿಕ್ಕಿನ ವೇಗದ ಜೊತೆಗೆ ಫೋನಿನ ಗಡಿಯಾರದ ಅಲುಗಾಟ, ಹೀಗೆ ಗೊತ್ತಿಲ್ಲದ ಸಂಗತಿಗಳು ನಾಲ್ಕು. ಆದ್ದರಿಂದ ಕನಿಷ್ಠ ನಾಲ್ಕು ಉಪಗ್ರಹ ಬೇಕು. ಬಯಲಿನಲ್ಲಿ ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೌ ಎಲ್ಲ ಸೇರಿ ಇಪ್ಪತ್ತಕ್ಕೂ ಹೆಚ್ಚು ಸಿಗುತ್ತವೆ. ಫೋನಿನಲ್ಲಿ ನಮ್ಮ ದೇಶದ್ದೇ ಆದ ನಾವಿಕ್ ಉಪಗ್ರಹಗಳ ಸೌಲಭ್ಯ ಇದ್ದರೆ ಒಳ್ಳೆಯದೇ, ಆದರೆ ವೇಗ ನೋಡುವುದಕ್ಕಾಗಿಯೇ ಫೋನು ಬದಲಿಸಬೇಕಾಗಿಲ್ಲ.

ಈ ಕಾರಣಕ್ಕೆ ನಕ್ಷೆಯ ಮೇಲೆ ನಿಮ್ಮ ಬಾಣ ಪಕ್ಕದ ಗದ್ದೆಯಲ್ಲಿ ಓಡುತ್ತಿದ್ದರೂ ವೇಗದ ಅಂಕಿ ಸರಿಯಿರಬಹುದು. ಸ್ಥಿರ ವೇಗದಲ್ಲಿ, ಆಕಾಶ ತೆರೆದಿರುವಾಗ, ಒಳ್ಳೆಯ ರಿಸೀವರಿನ ತಪ್ಪು ಸೆಕೆಂಡಿಗೆ 0.1 ಮೀಟರಿನ ಆಸುಪಾಸು, ಅಂದರೆ ಗಂಟೆಗೆ ಅರ್ಧ ಕಿ.ಮೀ. ಕೂಡ ಇಲ್ಲ. ಫೋನಿನಲ್ಲಿ 1 ಕಿ.ಮೀ. ಎಂದಿಟ್ಟುಕೊಳ್ಳಿ. ಏರುರಸ್ತೆಯಲ್ಲಿ ಜಿಪಿಎಸ್ ಕಡಿಮೆ ತೋರಿಸುತ್ತದೆ ಎಂಬ ಮಾತೂ ಇದೆ. ಸಮತಲದ ವೇಗವನ್ನಷ್ಟೇ ತೆಗೆದುಕೊಂಡರೂ, ನೂರು ಮೀಟರಿಗೆ ಎಂಟು ಮೀಟರ್ ಏರುವ ಘಾಟಿಯಲ್ಲಿ ವ್ಯತ್ಯಾಸ ಶೇ 0.3ರಷ್ಟೇ. ಅದನ್ನು ಮರೆತುಬಿಡಿ.

ಹಾಗಾದರೆ ಮೀಟರ್ ಏಕೆ ಹೆಚ್ಚು ತೋರಿಸುತ್ತದೆ

ಅದು ಕೆಟ್ಟಿಲ್ಲ, ಹಾಗೆಂದೇ ಮಾಡಿದ್ದು. ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ 39ನೇ ನಿಯಮದಂತೆ ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸಬಹುದು, ಕಾರಿನಲ್ಲಿ ಅದರ ಗರಿಷ್ಠ ಮಿತಿ ನಿಜ ವೇಗದ ಹತ್ತನೇ ಒಂದು ಭಾಗ ಮತ್ತು ಮೇಲೆ 4 ಕಿ.ಮೀ. ನಿಮ್ಮ ನಿಜ ವೇಗ 94 ಆಗಿದ್ದರೆ ಮೀಟರ್ 94ರಿಂದ 107ರವರೆಗೆ ಎಲ್ಲಿ ನಿಂತರೂ ಆ ನಿಯಮದೊಳಗೇ ಇದೆ. ತಯಾರಕರು ಯಾವ ಟೈರಿನಲ್ಲೂ, ಯಾವ ಗಾಳಿಯ ಒತ್ತಡದಲ್ಲೂ ಕಡಿಮೆ ತೋರಿಸಬಾರದೆಂದು ಮೊದಲೇ ನಾಲ್ಕೈದು ಅಂಕಿ ಮೇಲಕ್ಕೆ ತಳ್ಳಿಡುತ್ತಾರೆ.

ಇದರ ಮೇಲೆ ಟೈರಿನ ಲೆಕ್ಕ ಸೇರುತ್ತದೆ. ಮೀಟರಿಗೆ ಗೊತ್ತಿರುವುದು ಚಕ್ರ ಎಷ್ಟು ಸುತ್ತು ತಿರುಗಿತು ಎಂಬುದಷ್ಟೇ. 185/65 ಆರ್15 ಟೈರಿನ ಹೊರವ್ಯಾಸ 621.5 ಮಿ.ಮೀ. ಹೊಸ ಟೈರಿನ ಹಲ್ಲು 8 ಮಿ.ಮೀ. ಇದ್ದದ್ದು ಸವೆದು 1.6 ಮಿ.ಮೀ.ಗೆ ಬಂದರೆ ವ್ಯಾಸ ಸುಮಾರು 13 ಮಿ.ಮೀ. ಕಡಿಮೆಯಾಗುತ್ತದೆ. ಅದು ಶೇ 2. ಚಿಕ್ಕದಾದ ಚಕ್ರ ಅದೇ ದೂರಕ್ಕೆ ಹೆಚ್ಚು ಸುತ್ತು ತಿರುಗುತ್ತದೆ, ಮೀಟರ್ ಇನ್ನೆರಡು ಅಂಕಿ ಹೆಚ್ಚು ಹೇಳುತ್ತದೆ. ನಿಮ್ಮ ಟೈರುಗಳು ನಲವತ್ತು ಸಾವಿರ ಕಿ.ಮೀ. ಓಡಿದ್ದರೆ ಆರರ ಅಂತರದಲ್ಲಿ ಒಂದೆರಡು ಇದರದೇ ಇರಬಹುದು.

ಎಚ್ಚರ ಬೇಕಿರುವುದು ಇದರ ಉಲ್ಟಾ ಸಂದರ್ಭದಲ್ಲಿ. ನೋಟಕ್ಕೆ ಗಟ್ಟಿಯಾಗಿರಲಿ ಎಂದು ಅದೇ ರಿಮ್ಮಿಗೆ 205/65 ಟೈರು ಹಾಕಿಸುವವರಿದ್ದಾರೆ. ಅದರ ವ್ಯಾಸ 647.5 ಮಿ.ಮೀ., ಅಂದರೆ ಶೇ 4.2 ದೊಡ್ಡದು. ಮೊದಲು ಮೀಟರ್ 100 ಎಂದಾಗ ನಿಜ ವೇಗ 97 ಇದ್ದ ಕಾರು ಈಗ ಅದೇ 100ರ ಗುರುತಿನಲ್ಲಿ 101ರಲ್ಲಿ ಓಡುತ್ತಿರುತ್ತದೆ. ಕಾರ್ಖಾನೆ ಬಿಟ್ಟಿದ್ದ ರಕ್ಷಣೆಯ ಅಂತರವೆಲ್ಲ ಟೈರಿನಂಗಡಿಯಲ್ಲೇ ಖರ್ಚಾಗಿಹೋಯಿತು. ಟೈರಿನ ಅಳತೆ ಬದಲಿಸಿದವರು ಜಿಪಿಎಸ್ ಜೊತೆ ಮೀಟರ್ ತಾಳೆ ನೋಡದೆ ಹೆದ್ದಾರಿ ಹತ್ತಬಾರದು.

ಕ್ಯಾಮೆರಾ ಹಿಡಿಯುವುದು ನಿಜ ವೇಗವನ್ನು. ಅದಕ್ಕೆ ನಿಮ್ಮ ಮೀಟರೂ ಗೊತ್ತಿಲ್ಲ, ಫೋನೂ ಗೊತ್ತಿಲ್ಲ. ರೇಡಾರ್ ತನ್ನದೇ ಅಲೆ ಕಳಿಸಿ ಅಳೆಯುತ್ತದೆ, ಪಕ್ಕದಿಂದ ಓರೆಯಾಗಿ ಅಳೆದಾಗ ಆಗುವ ತಪ್ಪು ಓದನ್ನು ತಗ್ಗಿಸುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಎರಡು ಕಡೆ ನಂಬರ್ ಪ್ಲೇಟ್ ಓದಿ ನಡುವಿನ ಸಮಯದಿಂದ ಸರಾಸರಿ ತೆಗೆಯುವ ವ್ಯವಸ್ಥೆಯೂ ಉಂಟು. ಅಲ್ಲಿ ಕ್ಯಾಮೆರಾ ಕಂಡಲ್ಲಿ ಬ್ರೇಕ್ ಒತ್ತುವ ಜಾಣತನಕ್ಕೆ ಬೆಲೆಯಿಲ್ಲ. ನೀವು ಹೇಳಿದ ಸಂದರ್ಭದಲ್ಲಿ ಕ್ಯಾಮೆರಾ 94ರ ಹತ್ತಿರದ ಅಂಕಿಯನ್ನೇ ಬರೆದುಕೊಳ್ಳುತ್ತದೆ.

ಹಾಗೆಂದು ಮೀಟರನ್ನು 106ಕ್ಕೆ ಏರಿಸಿ ಉಳಿದ ಆರನ್ನೂ ಬಳಸಿಕೊಳ್ಳಿ ಎಂದು ನಾನು ಹೇಳಲಾರೆ. ಈ ಹೆದ್ದಾರಿಯ 118 ಕಿ.ಮೀ.ಯನ್ನು 100ರಲ್ಲಿ ಓಡಿದರೆ 71 ನಿಮಿಷ, 94ರಲ್ಲಿ ಓಡಿದರೆ 75 ನಿಮಿಷ. ನಾಲ್ಕು ನಿಮಿಷಕ್ಕಾಗಿ, ಇಳಿಜಾರಿನಲ್ಲಿ ಕಾರು ತಾನೇ ಮೂರು ಕಿ.ಮೀ. ಏರಿಸಿಕೊಂಡಾಗ ಮಿತಿ ದಾಟಿಬಿಡುವ ಜಾಗದಲ್ಲಿ ಕಾಲಿಡಬೇಕೇ? ಮೀಟರನ್ನು 100ರಲ್ಲೇ ಬಿಡಿ.

ನಿಮ್ಮ ಕಾರಿನ ಅಂತರ ಅಳೆಯುವ ಕ್ರಮ

ಜೊತೆಗೊಬ್ಬರು ಬೇಕೇ ಬೇಕು. ಚಾಲಕ ಮೀಟರ್ ನೋಡಲಿ, ಪಕ್ಕದವರು ಫೋನು ನೋಡಲಿ. ಟೈರಿನ ಗಾಳಿಯನ್ನು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟೇ ತುಂಬಿಸಿ, 10 ಕಿ.ಮೀ. ಓಡಿಸಿ ಬೆಚ್ಚಗಾಗಲು ಬಿಡಿ. ಬೆಳಗಿನ ಹೊತ್ತು, ದಟ್ಟಣೆಯಿಲ್ಲದ, ಮರ ಮತ್ತು ಸೇತುವೆಗಳ ನೆರಳಿಲ್ಲದ ನೇರ ಸಮತಟ್ಟು ರಸ್ತೆ ಆರಿಸಿಕೊಳ್ಳಿ. ಮೀಟರಿನಲ್ಲಿ 40, 60, 80, 100ರ ವೇಗವನ್ನು ಒಂದೊಂದಾಗಿ ಹಿಡಿಯಿರಿ. ಕ್ರೂಸ್ ಕಂಟ್ರೋಲ್ ಇದ್ದರೆ ಅದನ್ನೇ ಹಾಕಿ. ಪ್ರತಿ ವೇಗದಲ್ಲಿ ಹತ್ತು ಸೆಕೆಂಡು ಕಾಯ್ದು, ಅಂಕಿ ನಿಂತ ಮೇಲೆ ಪಕ್ಕದವರು ಮುಂದಿನ ಇಪ್ಪತ್ತು ಸೆಕೆಂಡಿನಲ್ಲಿ ಹೆಚ್ಚು ಹೊತ್ತು ಕಂಡದ್ದನ್ನು ಬರೆದುಕೊಳ್ಳಲಿ. ಅದೇ ರಸ್ತೆಯಲ್ಲಿ ತಿರುಗಿ ಬರುವಾಗ ಇನ್ನೊಮ್ಮೆ ಮಾಡಿ.

ಸಾಮಾನ್ಯವಾಗಿ ಅಂತರ ವೇಗದ ಜೊತೆ ಬೆಳೆಯುತ್ತದೆ. 60ರಲ್ಲಿ 3, 80ರಲ್ಲಿ 5, 100ರಲ್ಲಿ 6 ಬಂದರೆ ಎಲ್ಲ ಸರಿ. ಒಂದು ವೇಗದಲ್ಲಿ 2, ಮುಂದಿನದರಲ್ಲಿ 9 ಹೀಗೆ ಹಾರಾಡಿದರೆ ತಪ್ಪು ಅಳತೆಯದು, ಕಾರಿನದಲ್ಲ. ಮತ್ತೆ ಮಾಡಬೇಕು.

ಫೋನಿನ ಮೇಲೇ ಅನುಮಾನವಿದ್ದರೆ ಕಿಲೋಮೀಟರ್ ಫಲಕ ಮತ್ತು ಸ್ಟಾಪ್‌ವಾಚ್ ಸಾಕು. ನಿಜವಾದ 60ರಲ್ಲಿ 1 ಕಿ.ಮೀ.ಗೆ 60 ಸೆಕೆಂಡು, 80ರಲ್ಲಿ 45, 100ರಲ್ಲಿ 36. ಒಂದೇ ಕಿ.ಮೀ. ಅಳೆದರೆ ಗುಂಡಿ ಒತ್ತುವಾಗಿನ ಒಂದು ಸೆಕೆಂಡಿನ ತಪ್ಪು ಸುಮಾರು ಶೇ 3 ಆಗಿಬಿಡುತ್ತದೆ. 5 ಕಿ.ಮೀ. ಅಳೆಯಿರಿ. 100ರಲ್ಲಿ 180 ಸೆಕೆಂಡು ಆಗಬೇಕು. ನಿಮ್ಮ ಮೀಟರ್ 100 ತೋರಿಸುತ್ತ 191 ಸೆಕೆಂಡು ತೆಗೆದುಕೊಂಡರೆ ನಿಜ ವೇಗ 94.2, ಫೋನು ಹೇಳಿದ್ದು ಸರಿ. ಫಲಕಗಳ ನಡುವಿನ ದೂರ ಅಲ್ಲಲ್ಲಿ ಕರಾರುವಾಕ್ಕಾಗಿರುವುದಿಲ್ಲ, ಐದರ ಸರಾಸರಿಯಲ್ಲಿ ಅದೂ ಹೆಚ್ಚುಕಡಿಮೆ ಸರಿಹೋಗುತ್ತದೆ.

ಸ್ಟೇರಿಂಗ್ ಕೆಳಗಿನ, ಕಾರಿನ ಕಂಪ್ಯೂಟರಿನ ಮಾಹಿತಿ ಓದಲು ಇರುವ 16 ಪಿನ್ನಿನ ಓಬಿಡಿ ಸಾಕೆಟ್ಟಿಗೆ ಬ್ಲೂಟೂತ್ ಡಾಂಗಲ್ ಹಾಕಿದರೆ ಇನ್ನೊಂದು ಸ್ವಾರಸ್ಯ ಕಾಣುತ್ತದೆ. ಕಾರಿನ ಕಂಪ್ಯೂಟರಿನೊಳಗಿನ ವೇಗ ಅನೇಕ ಕಾರುಗಳಲ್ಲಿ ಮೀಟರಿಗಿಂತ ಜಿಪಿಎಸ್‌ಗೆ ಹತ್ತಿರವಿರುತ್ತದೆ. ಅಂದರೆ ಕಾರಿಗೆ ನಿಜ ಗೊತ್ತಿದೆ, ಮುಳ್ಳಿಗೆ ಕಳಿಸುವಾಗಷ್ಟೇ ಏರಿಸಿ ಕಳಿಸುತ್ತದೆ. ಆದರೆ ಅದೂ ಚಕ್ರದ ಸುತ್ತಿನಿಂದಲೇ ಬಂದದ್ದು. ಟೈರು ಬದಲಾದರೆ ಅದೂ ತಪ್ಪುತ್ತದೆ.

ಉಪಗ್ರಹದ ವೇಗ ಕೈಕೊಡುವ ಜಾಗಗಳು

ದೊಡ್ಡ ದೋಷ ತಡ. ಹೆಚ್ಚಿನ ಫೋನುಗಳು ಸೆಕೆಂಡಿಗೆ ಒಮ್ಮೆ ಮಾತ್ರ ಹೊಸ ಲೆಕ್ಕ ಕೊಡುತ್ತವೆ, ಅದರ ಮೇಲೆ ಅಂಕಿ ಕುಣಿಯದಿರಲೆಂದು ಆ್ಯಪ್ ಅದನ್ನು ನಯಗೊಳಿಸುತ್ತದೆ. ಒಟ್ಟಾರೆ ಒಂದೆರಡು ಸೆಕೆಂಡು ಹಿಂದಿನ ವೇಗ ನಿಮ್ಮ ಕಣ್ಣಿಗೆ ಬೀಳುತ್ತದೆ. 100ರಲ್ಲಿ ಎರಡು ಸೆಕೆಂಡೆಂದರೆ 55 ಮೀಟರ್. ಲಾರಿ ಹಿಂದಿಕ್ಕಲು ಆಕ್ಸಿಲರೇಟರ್ ತುಳಿದಾಗ ಫೋನು ಇನ್ನೂ 92 ಎನ್ನುತ್ತಿರುತ್ತದೆ, ಕಾರು 100 ದಾಟಿರುತ್ತದೆ. ವೇಗ ಏರಿಳಿಯುವಾಗ ಮೀಟರ್ ನೋಡಿ, ಸ್ಥಿರವಾಗಿರುವಾಗ ಫೋನು ನೋಡಿ.

ಬೆಂಗಳೂರಿನ ಅಂಡರ್‌ಪಾಸ್‌ಗಳಲ್ಲಿ ಸಂಕೇತ ಕಡಿದುಹೋಗುತ್ತದೆ. ಕೆಲವು ಆ್ಯಪ್‌ಗಳು ಕೊನೆಯ ಅಂಕಿಯನ್ನೇ ಹಿಡಿದುಕೊಂಡಿರುತ್ತವೆ. ಕಾರಿನಲ್ಲೇ ಅಳವಡಿಸಿದ ನ್ಯಾವಿಗೇಷನ್ ಚಕ್ರದ ಸೆನ್ಸರನ್ನೂ ಬಳಸುವುದರಿಂದ ಅಂಥಲ್ಲಿ ತಡಬಡಾಯಿಸುವುದಿಲ್ಲ. ಮೆಟ್ರೊ ಮೇಲ್ಸೇತುವೆಯ ಕೆಳಗೆ, ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳ ಸಾಲಿನಲ್ಲಿ ಸಂಕೇತ ಗೋಡೆಗೆ ಬಡಿದು ಸುತ್ತಿ ಬರುತ್ತದೆ, ಅಲ್ಲಿ ಅಂಕಿ ಹಾರಾಡುವುದು ಅದಕ್ಕೇ. ಎಲ್1 ಜೊತೆ ಎಲ್5, ಅಂದರೆ 1176.45 ಮೆಗಾಹರ್ಟ್ಸ್ ಹಿಡಿಯುವ ಫೋನುಗಳು ಇಂಥ ಪ್ರತಿಫಲನವನ್ನು ಚೆನ್ನಾಗಿ ಬೇರ್ಪಡಿಸುತ್ತವೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ದಟ್ಟ ಮರ, ಒಂದು ಬದಿಗೆ ಬೆಟ್ಟದ ಗೋಡೆ, ಜೊತೆಗೆ ಕ್ಷಣಕ್ಷಣಕ್ಕೂ ಬದಲಾಗುವ ವೇಗ. ಅಲ್ಲಿ ಫೋನಿನ ಅಂಕಿ ನೋಡುವುದೇ ಬೇಡ, ಕಣ್ಣು ರಸ್ತೆಯ ಮೇಲಿರಲಿ.

ಬಯಲಿನಲ್ಲೂ ಅಂಕಿ ಹಾರಾಡಿದರೆ ತಪ್ಪು ಫೋನಿನ ಹೊಂದಿಕೆಯಲ್ಲಿದೆ. ಬ್ಯಾಟರಿ ಸೇವರ್ ಆಫ್ ಮಾಡಿ. ಲೊಕೇಷನ್ ಅನುಮತಿಯಲ್ಲಿ ‘ಪ್ರಿಸೈಸ್’ ಆನ್ ಇದೆಯೇ ನೋಡಿ. ಅದಿಲ್ಲದಿದ್ದರೆ ಆ್ಯಪ್‌ಗೆ ಸಿಗುವುದು ಅಂದಾಜು ಜಾಗ ಮಾತ್ರ. ಬಿಸಿಲು ತಡೆಯಲು ಲೋಹದ ಲೇಪ ಕೊಟ್ಟ ಗಾಜಿರುವ ಕಾರುಗಳಲ್ಲಿ ಸಂಕೇತ ಕುಗ್ಗುತ್ತದೆ. ಆಂಡ್ರಾಯ್ಡ್‌ನಲ್ಲಿ ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆ್ಯಪ್ ಪ್ರತಿ ಉಪಗ್ರಹದ ಸಂಕೇತಬಲವನ್ನು ಡೆಸಿಬೆಲ್-ಹರ್ಟ್ಸ್ ಅಳತೆಯಲ್ಲಿ ತೋರಿಸುತ್ತದೆ. ಎಂಟು ಹತ್ತು ಉಪಗ್ರಹಗಳಾದರೂ 35ರ ಮೇಲಿದ್ದರೆ ನಿಶ್ಚಿಂತೆ, ಎಲ್ಲವೂ 25ರ ಕೆಳಗಿದ್ದರೆ ಫೋನಿನ ಜಾಗ ಬದಲಿಸಿ.

ಮಿತಿಯ ಅಂಕಿ ಏಕೆ ತಪ್ಪುತ್ತದೆ

ಉಪಗ್ರಹಕ್ಕೆ ವೇಗಮಿತಿ ಗೊತ್ತಿಲ್ಲ. ಫೋನು ನಿಮ್ಮ ಜಾಗವನ್ನು ನಕ್ಷೆಯ ಯಾವುದೋ ರಸ್ತೆಗೆ ಅಂಟಿಸಿ, ಆ ರಸ್ತೆಯ ತುಂಡಿಗೆ ಬರೆದಿಟ್ಟ ಮಿತಿಯನ್ನು ಎತ್ತಿ ತೋರಿಸುತ್ತದೆ. ಅಂಟಿಸುವುದು ತಪ್ಪಬಹುದು, ಬರೆದದ್ದು ತಪ್ಪಿರಬಹುದು.

ಮೊದಲನೆಯದಕ್ಕೆ ನಿಮ್ಮ ಹೆದ್ದಾರಿಯೇ ಸಾಕ್ಷಿ. ನಡುವೆ ಆರು ಪಥದ ಮುಖ್ಯ ರಸ್ತೆ, ಎರಡೂ ಬದಿಗೆ ಎರಡೆರಡು ಪಥದ ಸರ್ವಿಸ್ ರಸ್ತೆ. ಇವೆರಡರ ನಡುವೆ ಒಂದು ಬೇಲಿ, ಕೆಲವೇ ಮೀಟರ್ ಅಂತರ. ಫೋನಿನ ಜಾಗದ ತಪ್ಪೇ 5 ಮೀಟರ್. ಬಿಡದಿ ಬಳಿ ಸರ್ವಿಸ್ ರಸ್ತೆಗೆ ಇಳಿದವರನ್ನು ನಕ್ಷೆ ಇನ್ನೂ ಮೇಲಿನ ರಸ್ತೆಯಲ್ಲೇ ಇಟ್ಟುಕೊಂಡು 100 ಎಂದು ತೋರಿಸುತ್ತಿರಬಹುದು. ಆದರೆ ಆ ಸರ್ವಿಸ್ ರಸ್ತೆಯಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್ ಎಲ್ಲ ಓಡುತ್ತವೆ. 2023ರ ಆಗಸ್ಟ್ 1ರಿಂದ ಅವುಗಳಿಗೆ ಮುಖ್ಯ ರಸ್ತೆಗೆ ಪ್ರವೇಶವಿಲ್ಲ, ಇರುವ ದಾರಿ ಅದೊಂದೇ. ಪರದೆಯ ಮೇಲಿನ 100 ಅಲ್ಲಿ ಬರೀ ತಪ್ಪಲ್ಲ, ಅಪಾಯ.

ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಎಲಿವೇಟೆಡ್ ರಸ್ತೆಯದು ಇನ್ನೊಂದು ಬಗೆ. ಮೇಲಿನ ರಸ್ತೆ, ಕೆಳಗಿನ ರಸ್ತೆ ನಕ್ಷೆಯಲ್ಲಿ ಒಂದರ ಮೇಲೊಂದು. ಬೇರ್ಪಡಿಸಬೇಕಾದ್ದು ಎತ್ತರದಿಂದ, ಜಿಪಿಎಸ್ ಅತಿ ಹೆಚ್ಚು ತಪ್ಪುವುದೂ ಎತ್ತರದಲ್ಲೇ. ಉಪಗ್ರಹಗಳೆಲ್ಲ ತಲೆಯ ಮೇಲಿವೆ, ಕಾಲ ಕೆಳಗೆ ಒಂದೂ ಇಲ್ಲ. ಹಾಗಾಗಿ ಮೇಲೆ–ಕೆಳಗೆ ದಿಕ್ಕಿನ ಅಳತೆ ಯಾವಾಗಲೂ ಸಡಿಲ. ಆ್ಯಪ್ ರ‍್ಯಾಂಪ್ ಹತ್ತಿದಿರೋ ಇಲ್ಲವೋ ಎಂದು ಊಹಿಸಿ ಅದನ್ನೇ ಹಿಡಿದು ಕೂರುತ್ತದೆ.

ಬರೆದಿಟ್ಟದ್ದೇ ತಪ್ಪಿರುವುದಕ್ಕೆ ಕಾರಣಗಳು ಹಲವು. ಕಾಮಗಾರಿ ನಡೆಯುವಲ್ಲಿ ನಿಲ್ಲಿಸಿದ 40ರ ಫಲಕ ನಕ್ಷೆಗೆ ತಲುಪುವ ಮೊದಲೇ ಕಾಮಗಾರಿ ಮುಗಿದಿರುತ್ತದೆ. ಊರಿನೊಳಗೆ 50 ಎಂಬ ಫಲಕ ಊರ ಬಾಗಿಲಲ್ಲಿದ್ದರೆ, ನಕ್ಷೆಯಲ್ಲಿ ರಸ್ತೆಯ ತುಂಡು ಮುಂದಿನ ಅಡ್ಡರಸ್ತೆಯವರೆಗೂ ಹಳೆಯ ಮಿತಿಯನ್ನೇ ಹೊತ್ತಿರುತ್ತದೆ. ಮಿತಿ ದಾಖಲಾಗದ ರಸ್ತೆಗಳಲ್ಲಿ ರಸ್ತೆಯ ದರ್ಜೆ ನೋಡಿ ಊಹಿಸಿದ ಅಂಕಿ ಕೂರಿಸುವುದೂ ಉಂಟು.

ಬಹಳ ಜನ ಗಮನಿಸದ ಇನ್ನೊಂದಿದೆ. ಆ್ಯಪ್ ನಿಮ್ಮನ್ನು ಕಾರಿನವರೆಂದೇ ತಿಳಿಯುತ್ತದೆ. ನಮ್ಮಲ್ಲಿ ಮಿತಿ ವಾಹನಕ್ಕೊಂದು. ಕೇಂದ್ರ ಸಾರಿಗೆ ಸಚಿವಾಲಯದ 2018ರ ಏಪ್ರಿಲ್ 6ರ ಅಧಿಸೂಚನೆಯಲ್ಲಿ ವಿಭಜಕವಿರುವ ಚತುಷ್ಪಥ ರಸ್ತೆಗೆ ಕೊಟ್ಟ ಗರಿಷ್ಠ ಮಿತಿ ಕಾರಿಗೆ 100, ಚಾಲಕನಲ್ಲದೆ ಎಂಟಕ್ಕಿಂತ ಹೆಚ್ಚು ಸೀಟಿರುವ ವಾಹನಕ್ಕೆ 90, ಸರಕು ವಾಹನಕ್ಕೆ 80, ಬೈಕಿಗೆ 80, ಆಟೊಗೆ 50. ಇವು ಮೇಲ್ಮಿತಿಗಳು, ರಾಜ್ಯ ಮತ್ತು ಸ್ಥಳೀಯ ಅಧಿಕಾರಿಗಳು ಇನ್ನೂ ಇಳಿಸಬಹುದು, ಇಳಿಸಿದ್ದಾರೆ ಕೂಡ. ಪಿಕಪ್‌ನಲ್ಲಿ ತರಕಾರಿ ತುಂಬಿಕೊಂಡು ಹೋಗುವವರು ಪರದೆಯಲ್ಲಿ 100 ನೋಡಿ 95ರಲ್ಲಿ ಓಡಿಸಿದರೆ ಆ್ಯಪ್ ತುಟಿಪಿಟಿಕ್ಕೆನ್ನದು, ಕಾನೂನಿನ ಲೆಕ್ಕದಲ್ಲಿ ಮಾತ್ರ ಮಿತಿ 15ರಷ್ಟು ದಾಟಿರುತ್ತದೆ.

ಫಲಕಕ್ಕೂ ಪರದೆಗೂ ಜಗಳ ಬಂದರೆ ಫಲಕವೇ ಗೆಲ್ಲಬೇಕು. ಫಲಕ ಕಾಣದಿದ್ದಾಗ ಹಿಂದೆ ಕಂಡ ಫಲಕದ ಅಂಕಿ, ಪರದೆಯ ಅಂಕಿ ಎರಡರಲ್ಲಿ ಕಡಿಮೆಯದನ್ನು ಹಿಡಿಯಿರಿ. ತಪ್ಪು ಕಂಡಲ್ಲಿ ತಿದ್ದಿಸಿ, ಇದು ನೀವು ಉಳಿದ ಚಾಲಕರಿಗೆ ಮಾಡುವ ದೊಡ್ಡ ಉಪಕಾರ. ಗೂಗಲ್ ಮ್ಯಾಪ್ಸ್, ನಮ್ಮ ದೇಶದ ನಕ್ಷೆಯ ಆ್ಯಪ್ ಮ್ಯಾಪಲ್ಸ್ ಎರಡರಲ್ಲೂ ತಪ್ಪು ತಿಳಿಸಲು ಅವಕಾಶವಿದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಬಳಕೆದಾರರೇ ಬರೆಯುವ ನಕ್ಷೆಯ ಆಧಾರದ ಆ್ಯಪ್ ಬಳಸುವವರು ತಾವೇ ತಿದ್ದಬಹುದು. ಫಲಕ ನಿಂತ ಜಾಗದಲ್ಲಿ ರಸ್ತೆಯ ಗೆರೆಯನ್ನು ಕತ್ತರಿಸಿ, ಮುಂದಿನ ತುಂಡಿಗೆ ಮಿತಿಯ ಅಂಕಿ ಬರೆಯಬೇಕು. ಕತ್ತರಿಸದೆ ಬರೆದರೆ ಇಡೀ ರಸ್ತೆಗೆ ಆ ಮಿತಿ ಅಂಟಿಕೊಳ್ಳುತ್ತದೆ, ಹೊಸಬರು ಮಾಡುವ ತಪ್ಪು ಇದೇ.

ಎಚ್ಚರಿಕೆಯ ಸದ್ದನ್ನು ಹೊಂದಿಸುವುದು

ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಚಿತ್ರದ ಮೇಲೆ ಒತ್ತಿ, ಸೆಟ್ಟಿಂಗ್ಸ್, ಅಲ್ಲಿಂದ ನ್ಯಾವಿಗೇಷನ್, ಅದರೊಳಗೆ ಡ್ರೈವಿಂಗ್ ಆಪ್ಷನ್ಸ್. ‘ಸ್ಪೀಡೋಮೀಟರ್’, ‘ಸ್ಪೀಡ್ ಲಿಮಿಟ್ಸ್’ ಎರಡನ್ನೂ ಆನ್ ಮಾಡಿ. ಆವೃತ್ತಿಗೆ ತಕ್ಕಂತೆ ಹೆಸರು ಆಚೀಚೆ ಆಗಬಹುದು. ಮಿತಿ ಮೀರಿದಾಗ ವೇಗದ ಅಂಕಿಯ ಬಣ್ಣ ಬದಲಾಗುತ್ತದೆ. ಬಣ್ಣ ಕಾಣಬೇಕಾದರೆ ಪರದೆ ನೋಡಬೇಕು, ಅದೇ ಇದರ ಕೊರತೆ. ಸದ್ದು ಬೇಕೆಂದರೆ ವೇಜ್ ಎಂಬ ಆ್ಯಪ್ ಅಥವಾ ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸುವ ಓಎಸ್‌ಎಂಆ್ಯಂಡ್ ಒಳ್ಳೆಯದು. ಎರಡರಲ್ಲೂ ಮಿತಿಗಿಂತ ಎಷ್ಟು ಮೀರಿದಾಗ ಕೂಗಬೇಕೆಂದು ನಾವೇ ಹೇಳಬಹುದು. ಆ ರಿಯಾಯಿತಿಯನ್ನು ಸೊನ್ನೆಗೇ ಇಡಿ. ಮೀಟರ್ ಹೆಚ್ಚು ತೋರಿಸುತ್ತದೆಂಬ ಲೆಕ್ಕದಲ್ಲಿ ಐದು ಬಿಡುವವರಿದ್ದಾರೆ, ಆದರೆ ಫೋನು ತೋರಿಸುವುದು ನಿಜ ವೇಗ, ಅದರ ಮೇಲೆ ಐದು ಬಿಟ್ಟರೆ ಸೀದಾ ಮಿತಿಯಾಚೆಗೇ ಹೋದಂತೆ. ಹೊರಡುವ ಮೊದಲು ದನಿ ಎಲ್ಲಿಂದ ಬರುತ್ತದೆಂದು ಪರೀಕ್ಷಿಸಿ. ಫೋನು ಬ್ಲೂಟೂತಿಗೆ ಜೋಡಿಕೊಂಡು ಕಾರಿನಲ್ಲಿ ರೇಡಿಯೊ ಓಡುತ್ತಿದ್ದರೆ ಎಚ್ಚರಿಕೆ ಯಾರಿಗೂ ಕೇಳದೆ ಹೋಗುತ್ತದೆ.

2019ರ ಜುಲೈ 1ರಿಂದ ತಯಾರಾದ ಕಾರುಗಳು 80 ದಾಟಿದರೆ ನಿಮಿಷಕ್ಕೊಮ್ಮೆ, 120 ದಾಟಿದರೆ ಬಿಡದೆ ಬೀಪ್ ಎನ್ನುತ್ತವೆ. ಅವಕ್ಕೆ ರಸ್ತೆಯ ಮಿತಿ ಗೊತ್ತಿಲ್ಲ, 40ರ ಶಾಲಾ ವಲಯದಲ್ಲಿ 75ರಲ್ಲಿ ಹೋದರೂ ಸುಮ್ಮನಿರುತ್ತವೆ. ಮುಂಗಾಜಿನ ಕ್ಯಾಮೆರಾದಿಂದ ಫಲಕ ಓದುವ ಕಾರುಗಳು ಫಲಕವನ್ನೇ ನೋಡುತ್ತವೆಂಬುದು ದೊಡ್ಡ ಲಾಭ. ಆದರೆ ನಮ್ಮ ಲಾರಿ, ಟ್ಯಾಂಕರುಗಳ ಹಿಂಬದಿಯಲ್ಲಿ ಕೆಂಪು ವೃತ್ತದೊಳಗೆ 40, 60, 80 ಎಂದು ಬರೆದ ಸ್ಟಿಕ್ಕರ್ ಇರುತ್ತದಲ್ಲ, ಅದನ್ನೂ ಅವು ರಸ್ತೆಯ ಫಲಕವೆಂದು ಓದಿಬಿಡಬಹುದು. ಟ್ಯಾಂಕರಿನ ಹಿಂದೆ ಹೋಗುವಾಗ ಮಿತಿ ದಿಢೀರನೆ 60ಕ್ಕೆ ಇಳಿದರೆ ಮೊದಲು ಅದರ ಬೆನ್ನು ನೋಡಿ.

ಸರಕು ಮತ್ತು ಬಾಡಿಗೆ ವಾಹನದವರಿಗೆ ಒಂದು ಮಾತು. ವೇಗ ನಿಗದಿತ ಮಿತಿ ದಾಟದಂತೆ ತಡೆಯುವ ನಿಮ್ಮ ಸ್ಪೀಡ್ ಗವರ್ನರ್ ಚಕ್ರ ಅಥವಾ ಗೇರ್‌ಬಾಕ್ಸಿನ ಸೆನ್ಸರ್ ನಂಬುತ್ತದೆ, ಮಾಲೀಕರಿಗೂ ಸಾರಿಗೆ ಇಲಾಖೆಗೂ ವರದಿ ಕಳಿಸುವ ಟ್ರ್ಯಾಕರ್ ಉಪಗ್ರಹ ನಂಬುತ್ತದೆ. ದೊಡ್ಡ ಟೈರು ಹಾಕಿಸಿದರೆ 80ಕ್ಕೆ ಕಟ್ಟಿದ ಗವರ್ನರ್ 83ರವರೆಗೆ ಬಿಡುತ್ತದೆ, ಟ್ರ್ಯಾಕರ್ ಅದನ್ನು ಅತಿವೇಗವೆಂದು ಬರೆಯುತ್ತದೆ. ಟೈರು ಬದಲಿಸಿದ ದಿನವೇ ಗವರ್ನರನ್ನೂ ಹೊಸದಾಗಿ ಹೊಂದಿಸಿಕೊಳ್ಳಿ.

ಫೋನನ್ನು ಡ್ಯಾಶ್‌ಬೋರ್ಡಿನ ಮೇಲೆ, ಸ್ಟೇರಿಂಗಿಗೆ ಹತ್ತಿರ, ರಸ್ತೆ ಮರೆಯಾಗದಷ್ಟು ತಗ್ಗಿನಲ್ಲಿ ಹಿಡಿಕೆಗೆ ಸಿಕ್ಕಿಸಿ. ಏರ್‌ಬ್ಯಾಗ್ ಮುಚ್ಚಳದ ಮೇಲೆ ಖಂಡಿತ ಬೇಡ, ಏರ್‌ಬ್ಯಾಗ್ ಬಿಚ್ಚಿಕೊಂಡರೆ ಫೋನು ಕಲ್ಲಿನಂತೆ ಮುಖಕ್ಕೆ ಬರುತ್ತದೆ. 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಕೇಂದ್ರ ನಿಯಮ ಚಾಲನೆಯ ವೇಳೆ ಫೋನನ್ನು ದಾರಿ ನೋಡಲು ಮಾತ್ರ, ಅದೂ ಗಮನ ಕದಡದಂತೆ, ಬಳಸಲು ಬಿಡುತ್ತದೆ. ವಿದೇಶದಲ್ಲಿ ಓಡಿಸುವವರು ಇನ್ನೊಂದು ನೆನಪಿಡಿ. ವೇಗ ತೋರಿಸುವ ಆ್ಯಪ್‌ಗೆ ಸಾಮಾನ್ಯವಾಗಿ ತಕರಾರಿಲ್ಲ, ಆದರೆ ಕ್ಯಾಮೆರಾ ಎಲ್ಲಿದೆಯೆಂದು ಎಚ್ಚರಿಸುವ ಸೌಲಭ್ಯವನ್ನು ಚಾಲಕ ಬಳಸುವುದು ಜರ್ಮನಿ, ಸ್ವಿಟ್ಜರ್‌ಲ್ಯಾಂಡ್‌ಗಳಲ್ಲಿ ಅಪರಾಧ. ಅಲ್ಲಿಗೆ ಹೋದಾಗ ಅದನ್ನು ಆಫ್ ಮಾಡಿಡಿ.

ನೋಟಿಸ್ ಬಂದರೆ

ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ನಿನಲ್ಲಿ ಲಘು ವಾಹನದ ಅತಿವೇಗಕ್ಕೆ 1,000ದಿಂದ 2,000 ರೂಪಾಯಿ ದಂಡವಿದೆ. ಕರ್ನಾಟಕದಲ್ಲಿ 2024ರ ಆಗಸ್ಟ್‌ನಿಂದ 130 ಕಿ.ಮೀ. ಮೀರಿದವರ ಮೇಲೆ ಎಫ್‌ಐಆರ್ ದಾಖಲಿಸುವ ಕ್ರಮವೂ ಬಂದಿದೆ. ಕೇಂದ್ರ ನಿಯಮಾವಳಿಯ 167ಎ ನಿಯಮದ ಪ್ರಕಾರ ವೇಗ ಅಳೆಯುವ ಸಾಧನಕ್ಕೆ ವರ್ಷಕ್ಕೊಮ್ಮೆ ನವೀಕರಿಸಿದ ದೃಢೀಕರಣ ಪತ್ರ ಇರಬೇಕು, ಕಣ್ಗಾವಲಿದೆ ಎಂಬ ಸೂಚನಾ ಫಲಕ ಹಾಕಿರಬೇಕು, ನೋಟಿಸ್ ಹದಿನೈದು ದಿನದೊಳಗೆ ಹೊರಡಬೇಕು.

ಹಣ ಕಟ್ಟುವ ಮೊದಲು ಚಿತ್ರ ತೆರೆದು ನೋಡಿ. ನಂಬರ್ ಪ್ಲೇಟ್ ನಿಮ್ಮದೇ, ಕಾರಿನ ಮಾದರಿ ಮತ್ತು ಬಣ್ಣ ನಿಮ್ಮದೇ, ಸ್ಥಳ ಮತ್ತು ಸಮಯಕ್ಕೆ ನೀವಲ್ಲಿದ್ದಿರೇ, ಬರೆದಿರುವ ಮಿತಿ ಆ ರಸ್ತೆಯದ್ದೇ, ನಿಮ್ಮ ವಾಹನದ ವರ್ಗದ್ದೇ? ಗೆಲ್ಲುವ ತಕರಾರುಗಳು ಹೆಚ್ಚಾಗಿ ಇಲ್ಲಿ ಸಿಗುತ್ತವೆ. 104 ಬರೆದಿದ್ದಾರೆ, ನನ್ನ ಫೋನಿನಲ್ಲಿ 99 ಇತ್ತು ಎಂಬ ವಾದ ನಿಲ್ಲುವುದು ಕಷ್ಟ. ನಕ್ಷೆಯ ಆ್ಯಪ್ ಪ್ರತಿ ಸೆಕೆಂಡಿನ ವೇಗವನ್ನು ನಿಮಗಾಗಿ ಉಳಿಸಿಡುವುದಿಲ್ಲ, ಆಮೇಲೆ ತೆರೆದರೆ ಸಿಗುವುದು ದಾರಿಯ ಗೆರೆ ಮಾತ್ರ.

ದಾಖಲೆ ಬೇಕೆಂದಿದ್ದರೆ ಪ್ರಯಾಣದ ಮೊದಲೇ ಓಎಸ್‌ಎಂಆ್ಯಂಡ್‌ನಂಥ ಆ್ಯಪ್‌ನಲ್ಲಿ ಟ್ರಿಪ್ ರೆಕಾರ್ಡಿಂಗ್ ಆನ್ ಮಾಡಿ ಅಂತರವನ್ನು 1 ಸೆಕೆಂಡಿಗೆ ಇಡಿ. ಹಿನ್ನೆಲೆಯಲ್ಲಿ ಆ್ಯಪ್ ನಿಂತುಹೋಗದಂತೆ ಬ್ಯಾಟರಿ ನಿರ್ಬಂಧ ತೆಗೆಯಿರಿ. ಪ್ರಯಾಣದ ದಾಖಲೆಯಾಗಿ ಬರುವ ಜಿಪಿಎಕ್ಸ್ ಕಡತದಲ್ಲಿ ಸಮಯ ಸಾಮಾನ್ಯವಾಗಿ ಜಾಗತಿಕ ಕಾಲಮಾನದಲ್ಲಿರುತ್ತದೆ. ನೋಟಿಸಿನಲ್ಲಿ ಸಂಜೆ 5.30 ಎಂದಿದ್ದರೆ ಕಡತದಲ್ಲಿ 12.00ರ ಸಾಲು ಹುಡುಕಬೇಕು. ಸಮಯಕ್ಕೆ ಐದೂವರೆ ಗಂಟೆ ಕೂಡಿಸದೆ, ಬೇರೆಲ್ಲೋ ಟೀ ಕುಡಿಯುತ್ತಿದ್ದ ಹೊತ್ತಿನ ಸೊನ್ನೆ ವೇಗವನ್ನು ಸಾಕ್ಷಿಯಾಗಿ ಒಪ್ಪಿಸಿ ತಕರಾರು ಕೆಡಿಸಿಕೊಳ್ಳಬೇಡಿ. ಕಡತದ ಮೂಲ ಪ್ರತಿಯನ್ನು ತಿದ್ದದೆ ಇಟ್ಟುಕೊಳ್ಳಿ. ನ್ಯಾಯಾಲಯದವರೆಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರವನ್ನೂ ಅದರ ಜೊತೆ ಕೊಡಬೇಕಾಗುತ್ತದೆ.